ರಕ್ತದವರು ಇಬ್ಬರು ಬೇಕು

“ಬೇವರ್ಸಿ ಮುಂಡೆ, ಹೇಳ್ದೆ ಕೇಳ್ದೆ ಎಲ್ಲಿಗೆ ಹೋಗಿದ್ದೆ?”

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೇಸ್ತ್ರಿ ಬೈದದ್ದು ನನಗೆ. ಆಪರೇಷನ್ ಕೋಣೆಯಿಂದ ಬಂದ ರಕ್ತದ ಬಟ್ಟೆ ತಣ್ಣೀರಿನಲ್ಲಿ ನೆನೆಯುತ್ತಿತ್ತು. ಬಿಸಿನೀರು ಹಾಕಿದರೆ ರಕ್ತ ಹತ್ತಿಕೊಂಡುಬಿಡುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ತೊಟ್ಟಿಗೆ ಕೈ ಹಾಕಿದೆ. ಎಡಗೈ ಪೂರ್ತಿ ಎತ್ತಲು ಬರುವುದಿಲ್ಲ. ಹೋದ ವರ್ಷ ಕ್ಯಾನ್ಸರ್ ಎಂದು ಇಲ್ಲೇ ನನ್ನ ಎಡ ಎದೆ ತೆಗೆದಿದ್ದಾರೆ.

ಬೇವರ್ಸಿ ಅಂದರೆ ವಾರಸುದಾರರಿಲ್ಲದವಳು. ಮೇಸ್ತ್ರಿ ಎಲ್ಲರಿಗೂ ಹಾಗೇ ಬೈಯುತ್ತಾನೆ, ನನಗೆ ಮಾತ್ರ ಅದು ಅಳತೆ ತೆಗೆದು ಹೊಲಿದ ಹಾಗಿದೆ. ಹೆತ್ತವರು ಯಾರೋ ಗೊತ್ತಿಲ್ಲ. ಇದೇ ತೊಟ್ಟಿಯಲ್ಲಿ ಒಗೆಯುತ್ತಿದ್ದವಳೊಬ್ಬಳು ನನ್ನನ್ನು ಅನಾಥಾಲಯದಿಂದ ತಂದು ಸಾಕಿದಳು. ಅವಳೇ ನನ್ನಮ್ಮ.

ನಾನು ಹೋಗಿದ್ದುದು ಮೇಲಿನ ಮಹಡಿಗೆ, ವಂಶದ ಪರೀಕ್ಷೆಯ ಕೋಣೆಗೆ. ಈ ಕಾಯಿಲೆ ಕೆಲವರಿಗೆ ರಕ್ತದಲ್ಲೇ ಬರುತ್ತದಂತೆ. ನನ್ನ ರಕ್ತ ನೋಡಿದರೆ ತಿಳಿಯುತ್ತದೆ, ಇದ್ದರೆ ಮಗಳನ್ನು ಈಗಿನಿಂದಲೇ ಉಳಿಸಿಕೊಳ್ಳಬಹುದು ಎಂದು ಎದೆ ಕೊಯ್ದ ಡಾಕ್ಟರೇ ಹೇಳಿದ್ದರು. ಮಗಳು ನನ್ನ ಜೊತೆಯಲ್ಲೇ ಇಸ್ತ್ರಿ ಕೆಲಸ ಮಾಡುತ್ತಾಳೆ. ಬಡವರಿಗೆ ಪರೀಕ್ಷೆ ಬಿಟ್ಟಿ, ಆದರೆ ಮನೆಯಲ್ಲಿ ಇಬ್ಬರಿಗೆ ಕಾಯಿಲೆ ಬಂದಿರಬೇಕು.

ಅಲ್ಲಿನ ಅಧಿಕಾರಿ ತಲೆ ಎತ್ತದೆ, ನಿನ್ನಮ್ಮನಿಗೆ ಇತ್ತಾ ಎಂದು ಕೇಳಿದ. ಇತ್ತು, ಅದರಲ್ಲೇ ಹೋದಳು ಎಂದೆ. ಬರೆದುಕೊಂಡ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಆಗಿಹೋಗುತ್ತಿತ್ತು. ಡಾಕ್ಟರ ಹತ್ತಿರ ಏನೂ ಮುಚ್ಚಿಡಬಾರದೆಂದು ಕಲಿಸಿದವಳು ಅಮ್ಮನೇ. ನನ್ನ ಹಾಳು ನಾಲಿಗೆ ‘ಸಾಕಿದಮ್ಮ’ ಎಂದುಬಿಟ್ಟಿತು.

ಅವನು ಬರೆದದ್ದನ್ನು ಹೊಡೆದುಹಾಕಿದ.

“ಸಾಕಿದವಳದ್ದು ಲೆಕ್ಕಕ್ಕಿಲ್ಲಮ್ಮ. ರಕ್ತದವರು ಬೇಕು.”

“ನನ್ನ ರಕ್ತದೋರು ಯಾರೂಂತಲೇ ಗೊತ್ತಿಲ್ಲ ಸಾರ್. ಗೊತ್ತಿಲ್ದೋರಿಗೇ ಅಲ್ವಾ ಪರೀಕ್ಷೆ ಬೇಕಾಗಿರೋದು?”

“ಮಗಳಿದಾಳೆ ಅಂದ್ಯಲ್ಲ. ಅವಳಿಗೂ ಬಂದ್ರೆ ಇಬ್ರಾಗ್ತೀರಿ. ಆಗ ಬಾ.”

ತಮಾಷೆಗೂ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ನಿಯಮ ಹೇಳಿದ, ಅಷ್ಟೆ. ನನ್ನ ಮೈಯೆಲ್ಲ ಉರಿಯಿತು. ಅಮ್ಮ ಇಲ್ಲೇ ಸತ್ತಾಗ ಹೆಣಕ್ಕೆ ವಾರಸುದಾರರು ಯಾರು ಎಂದು ಕೂಗಿದ್ದರು. ನಾನು ಎದ್ದು ನಿಂತೆ. ಹೆಬ್ಬೆಟ್ಟು ಒತ್ತಿಸಿಕೊಂಡು ಹೆಣ ಕೊಟ್ಟರು. ಅವತ್ತು ಯಾವ ಬೋಳಿಮಗನೂ ರಕ್ತ ಕೇಳಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ, ಅವಳಿಗೆ ಬಂದರೆ ಇಬ್ಬರಾಗುತ್ತೇವೆ ಎಂಬ ಮಾತನ್ನೂ. ಅವಳು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ಆಪರೇಷನ್ ಕೋಣೆಗೆ ಹೋಗಬೇಕಾದ ಬಟ್ಟೆಯನ್ನು ಇಬ್ಬರೂ ತಳ್ಳುಗಾಡಿಗೆ ತುಂಬಿ ಮೇಲೆ ತೆಗೆದುಕೊಂಡು ಹೋದೆವು. ಆಪರೇಷನ್ ಕೋಣೆ ಬಲಕ್ಕೆ. ನಾವು ಎಡಕ್ಕೆ ತಿರುಗಿದೆವು. ವಂಶದ ಪರೀಕ್ಷೆಯ ಕೋಣೆಯೊಳಗೆ ಹೋಗಿ ಗಾಡಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡೆವು.

“ಇಬ್ರು ಬೇಕು ಅಂದ್ರಲ್ಲ, ಬಂದಿದೀವಿ,” ಎಂದೆ.

ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದ. ಗಾಡಿಯಾಚೆ ನಿಂತು, ಅಲ್ಲಿ ಆಪರೇಷನ್ ನಿಂತುಹೋಗಿದೆ, ನಿನ್ನ ಕೆಲಸ ಇವತ್ತಿಗೆ ಮುಗೀತು ಬೇವರ್ಸಿ ಎಂದು ಕಿರುಚಿದ.

“ಹೌದು, ಬೇವರ್ಸಿನೇ. ಅದನ್ನೇ ಬರ್ಕೊಳ್ಳೋಕೆ ಹೇಳು ಇವ್ನಿಗೆ.”

ಅಧಿಕಾರಿ ಮೊದಲ ಸಲ ತಲೆ ಎತ್ತಿದ. ನಾನು ರವಿಕೆಯ ತೋಳು ಮಡಚಿ ಬಲಗೈಯನ್ನು ಬಾಗಿಲ ಪಕ್ಕದಲ್ಲೇ ಇದ್ದ ಅವನ ಮೇಜಿನ ಮೇಲೆ ಚಾಚಿದೆ. ಮಗಳು ತನ್ನ ಕೈಯನ್ನೂ ಪಕ್ಕದಲ್ಲಿಟ್ಟಳು. ಗಾಡಿಯ ಹಿಡಿಯನ್ನು ನನ್ನ ಎಡಗೈ ಬಿಡಲಿಲ್ಲ.