ಕಂಬದ ಹಿಂದೆ ನಿಂತವಳು

ರಜೆಯ ದಿನ ಗಾಜಿನ ಅಂಗಡಿಯ ಶಟರ್ ಅರ್ಧಕ್ಕೆ ಇಳಿದಿದೆ ಎಂದರೆ ಒಳಗೆ ಆಟ ಶುರುವಾಗಿದೆ ಎಂದೇ ಅರ್ಥ. ಗಾಜು ಕತ್ತರಿಸುವ ದೊಡ್ಡ ಮೇಜಿನ ಮೇಲೆ ಅಗಲವಾದ ಒಂದು ಗಾಜಿನ ಹಾಳೆ ಮಲಗಿರುತ್ತದೆ. ಅದರ ಮೇಲೆ ಅಂಗಡಿಯ ಯಜಮಾನರಾದ ಮಾವ ಸ್ಕೆಚ್ ಪೆನ್ನಿನಲ್ಲಿ ಕೋಟೆ, ಸುರಂಗ, ಸೇತುವೆ ಬರೆಯುತ್ತಾರೆ. ಸಾಕೆನಿಸಿದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಂದು ಊರು ಕಟ್ಟುತ್ತಾರೆ. ಕಥೆ ನಡೆಸುವವರು ಅವರು. ರಾಕ್ಷಸ, ಕಾವಲುಗಾರ, ನಾಯಿ, ನರಿ ಎಲ್ಲವೂ ಅವರೇ. ಉಳಿದ ಮೂವರು, ಅಂದರೆ ಅವರ ಇಬ್ಬರು ಗಂಡುಮಕ್ಕಳು ಮತ್ತು ದೊಡ್ಡವನ ಹೆಂಡತಿ, ತಂತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದು ದಾಳಕ್ಕೆ ಬಿಟ್ಟದ್ದು. ದೊಡ್ಡ ಮಗನದು ಕತ್ತಿ ಹಿಡಿದ ಯೋಧ. ಚಿಕ್ಕವನದು ಬೆಂಕಿ ಎಸೆಯುವ ಮಾಂತ್ರಿಕ. ಸೊಸೆಯದು ಕರಿಬೆಕ್ಕು ಎಂಬ ಕಳ್ಳಿ.

ಪ್ರತಿ ಪಾತ್ರಕ್ಕೂ ಒಂದು ಬಣ್ಣದ ಗಾಜಿನ ಚೂರು. ಅವರವರ ಚೂರಿಗೆ ಅವರವರೇ ಸಾಣೆ ಹಿಡಿದು ಅಂಚು ನುಣುಪು ಮಾಡಿಕೊಳ್ಳಬೇಕು. ಪಾತ್ರ ಸತ್ತರೆ ಚೂರು ಮೂಲೆಯಲ್ಲಿರುವ ಡ್ರಮ್ಮಿಗೆ, ಕರಗಿಸಲು ಹೋಗುವ ಒಡಕು ಗಾಜಿನ ಜೊತೆಗೆ. ಮತ್ತೆ ಹುಟ್ಟಿಬರುವ ಮಾತೇ ಇಲ್ಲ. ಇದು ಮಾವನ ಕಟ್ಟಪ್ಪಣೆ.

ಆಟದಲ್ಲಿ ಕಣ್ಣಿಗೆ ಬೀಳದಂತೆ ಮಾಡುವ ಮದ್ದು ಕುಡಿದು ಮಾಯವಾದವರಿಗೆ ಬೇರೆ ಪದ್ಧತಿ. ಏನು ಮಾಡುತ್ತೇನೆಂದು ಮಾವನ ಕಿವಿಯಲ್ಲಿ ಹೇಳಿ, ಚೂರನ್ನು ಅವರ ಜೇಬಿಗೆ ಹಾಕಿ, ನಿಲುವುಗನ್ನಡಿಗಳ ಸ್ಟ್ಯಾಂಡಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂರಬೇಕು. "ಎದುರಿಗೇ ಕೂತಿದ್ರೆ ಕಾಣಲ್ಲ ಅಂತ ನಾಟಕ ಮಾಡ್ಬೇಕಾಗುತ್ತೆ. ಆ ಸುಳ್ಳೇ ಬೇಡ," ಎನ್ನುವುದು ಮಾವನ ವಾದ. ಯೋಧನಿಗೆ ಮಾಯವಾಗುವ ಅಗತ್ಯ ಬೀಳುವುದಿಲ್ಲ, ಮಾಂತ್ರಿಕನಿಗೆ ಅಷ್ಟು ತಾಳ್ಮೆ ಇಲ್ಲ. ಹಾಗಾಗಿ ಆ ಸ್ಟೂಲಿನ ಮೇಲೆ ಹೆಚ್ಚಾಗಿ ಕೂತವಳು ಸೊಸೆಯೇ. ಹೋದ ಸಲ ಗಾಜಿನ ಪುಡಿ ಗಂಟಲಿಗೆ ಹೋಗಿ ಅವಳು ಅಲ್ಲಿಂದಲೇ ಕೆಮ್ಮಿದ್ದಳು. "ಕಾವಲುಗಾರನಿಗೆ ಕೇಳಿಸ್ತು!" ಎಂದು ಮಾವ ಬಾಣ ಬಿಡಿಸಿಯೇಬಿಟ್ಟರು. ಕರಿಬೆಕ್ಕಿನ ಅರ್ಧ ಪ್ರಾಣ ಹೋಯಿತು. ಕಾಣದಿದ್ದವಳು ಕೇಳಿಸುವುದಂತೂ ನಿಜವೇ ಎಂದು ಅವಳು ಆವತ್ತು ನುಂಗಿಕೊಂಡಳು.

ಈ ಸಲ ರಾಕ್ಷಸನ ಖಜಾನೆ. ಅವಳು ಮದ್ದು ಕುಡಿದು ಮಾವನ ಕಿವಿಗೆ ಬಾಯಿಟ್ಟಳು. "ಚಪ್ಪಲಿ ಬಿಚ್ಚಿ ಒಳಗೆ ಹೋಗಿ, ಎಡಗಡೆ ಕಂಬದ ಹಿಂದೆ ನಿಂತ್ಕೋತೀನಿ."

"ಆಂ?"

"ಎಡಗಡೆ! ಕಂಬ! ಹಿಂದೆ!"

ಸಾಣೆಯಂತ್ರದ ಪಕ್ಕ ಆಯುಷ್ಯ ಕಳೆದ ಕಿವಿ. ಮಕ್ಕಳಿಬ್ಬರೂ ಮರ್ಯಾದೆಗೆ, ಕೇಳಿಸದವರ ಹಾಗೆ, ಸೂರು ನೋಡಿದರು. ಅವಳು ಕನ್ನಡಿಗಳ ಹಿಂದೆ ಹೋಗಿ ಕೆಮ್ಮು ಬಾರದಿರಲೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಮೇಜಿನ ಬಳಿ ರಂಗೇರಿತು. ಯೋಧ ಬಾಗಿಲು ಮುರಿದ, ರಾಕ್ಷಸ ಗದೆ ಬೀಸಿದ, ಮಾಂತ್ರಿಕ ಮಂತ್ರ ಹೇಳಿದ. ಮತ್ತೆ ಯೋಧ, ಮತ್ತೆ ರಾಕ್ಷಸ. ಸರದಿ ಸುತ್ತುತ್ತಲೇ ಇತ್ತು. "ನೀನೇನು ಮಾಡ್ತೀಯಮ್ಮ?" ಎಂದು ಕನ್ನಡಿಗಳ ಕಡೆ ಯಾರೂ ತಿರುಗಲಿಲ್ಲ. ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.

"ಅಣ್ಣ, ಬಾಗಿಲ ಆಚೆ ನಿಲ್ಲು! ಬೆಂಕಿ ಉಂಡೆ! ಇಗೋ ಬಾಗಿಲಿಂದ ಇಲ್ಲಿವರೆಗೆ!" ಮೈದುನ ಗಾಜಿನ ಮೇಲೆ ದುಂಡಗೆ ಗೆರೆ ಎಳೆದ ಸದ್ದು ಕೇಳಿಸಿತು. ದಾಳ ಉರುಳಿತು.

"ರಾಕ್ಷಸನೊಬ್ಬ ಉಳ್ಕೊಂಡ, ಒಳಗಿದ್ದ ಮಿಕ್ಕೋರೆಲ್ಲ ಬೂದಿ!" ಮಾವ ತೊಡೆ ತಟ್ಟಿದರು. ಆಮೇಲೆ ಜೇಬು ಮುಟ್ಟಿ ನೋಡಿಕೊಂಡು, "ಅಯ್ಯೋ, ಇವಳೊಬ್ಳು ಒಳಗಿದ್ಲಲ್ಲ," ಎಂದರು. "ಹೋಯ್ತು ಬಿಡು, ಬೆಂಕಿಗೇನು ಕಣ್ಣಿರುತ್ತಾ?"

ಸೊಸೆ ಎದ್ದು ಬಂದ ರಭಸಕ್ಕೆ ಕನ್ನಡಿಗಳು ಗಡಗಡ ಅಂದವು. "ಇಲ್ಲ ಮಾವ, ಬೆಂಕಿಗೆ ಕಣ್ಣಿಲ್ಲ, ಒಪ್ಪಿದೆ. ನಿಮಗೂ ಇರ್ಲಿಲ್ವಾ? ನನ್ನ ಸರದಿ ಎಲ್ಲಿ ಹೋಯ್ತು?"

"ನೀನು ಮಾಯ ಆಗಿದ್ಯಲ್ಲ."

"ಮಾಯ ಆಗಿದ್ದೆ, ಸತ್ತಿರ್ಲಿಲ್ಲ! ಕಾಲಿದೆ, ಕೈಯಿದೆ. ಕೇಳಿದ್ರೆ ಹೊರಗೆ ಓಡ್ತಿದ್ದೆ."

"ಅಲ್ಲಿಂದಲೇ ಒಂದು ಕೂಗು ಹಾಕ್ಬೇಕಿತ್ತು."

ಅವಳ ಪಿತ್ತ ನೆತ್ತಿಗೇರಿತು. "ಕೂಗ್ಬೇಕಿತ್ತಾ? ಹೋದ್ಸಲ ಕೆಮ್ಮಿದ್ದಕ್ಕೆ ಬಾಣ ಹೊಡೆದ್ರಿ. ಕೆಮ್ಮಿದ್ರೆ ಇದೀನಿ, ಸುಮ್ನಿದ್ರೆ ಇಲ್ಲ! ಹೊಡೆಸ್ಕೊಳ್ಳೋಕೆ ಮಾತ್ರ ನಾನು ಬೇಕು, ಆಡೋಕೆ ಬೇಡ. ಯಾವ ಊರ ನ್ಯಾಯ ಇದು?"

"ಅತ್ತಿಗೆ, ಆಟ ಅಷ್ಟೇ ಅಲ್ವಾ," ಮೈದುನ ಹಲ್ಲುಕಿರಿದ.

"ಆಟ ಅಂತಾನೇ ಕೇಳ್ತಿದೀನಿ. ನೀನು ಬಾಯಿ ಮುಚ್ಕೋಪ್ಪಾ."

ಮಾವನ ಮುಖ ಕೆಂಪಗಾಯಿತು. ಮಕ್ಕಳ ಮುಂದೆ ಮರೆತೆ ಎನ್ನಲು ಅವರಿಗೆ ನಾಲಿಗೆ ಹೊರಳದು. ಕುರ್ಚಿ ಹಿಂದಕ್ಕೆ ದೂಡಿ ಎದ್ದು, ಡ್ರಮ್ಮಿನ ಬಳಿ ನಡೆದರು. "ಕಥೆ ನಡೆಸೋನು ನಾನು. ನಾನು ಹೇಳಿದ್ದೇ ಕೊನೆ," ಎಂದು ಜೇಬಿನಿಂದ ಅವಳ ನೀಲಿ ಚೂರು ತೆಗೆದರು.

"ಹಾಕಿ. ಅದಕ್ಕೆ ಮೊದ್ಲು, ನಾನು ಎಲ್ಲಿ ನಿಂತಿದ್ದೆ, ಹೇಳಿ."

ಮಾವ ತಿರುಗಿ ನಕ್ಷೆಯತ್ತ ನೋಡಿದರು. "ಅಲ್ಲೇ... ಖಜಾನೆ ಪೆಟ್ಟಿಗೆ ಹತ್ರ."

"ಪೆಟ್ಟಿಗೆ ಹತ್ರ!" ಅವಳು ನಕ್ಕ ನಗು ಯಾರಿಗೂ ಹಿತವಾಗಲಿಲ್ಲ. ಗಂಡನ ಕಡೆ ನೋಡಿದಳು. ಅವನು ದಾಳದ ಮೂಲೆ ಉಜ್ಜುತ್ತಿದ್ದ.

ಟಣ್ ಎಂದು ಚೂರು ಡ್ರಮ್ಮಿಗೆ ಬಿತ್ತು.

ಆ ಚೂರಿಗೆ ಸಾಣೆ ಹಿಡಿಯುವಾಗ ಅವಳ ಹೆಬ್ಬೆರಳು ಸೀಳಿದ್ದು ಗಂಡನಿಗೆ ಗೊತ್ತಿತ್ತು. ಅವನೇ ಬಟ್ಟೆ ಕಟ್ಟಿದ್ದ.

"ಅಪ್ಪ," ಎಂದ ಅವನು, ತಲೆಯೆತ್ತದೆ. "ಎಡಗಡೆ ಕಂಬದ ಹಿಂದೆ ಅಂದಿದ್ಲು."

"ನಿನಗೆ ಹೇಗೆ ಗೊತ್ತು? ನನ್ನ ಕಿವಿಯಲ್ಲಿ ಹೇಳಿದ್ದು."

"ನಿನ್ನ ಕಿವಿಯಲ್ಲಿ ಹೇಳಿದ್ದು ಬೀದಿಗೆಲ್ಲ ಕೇಳುತ್ತೆ, ಅಪ್ಪ."

ಮೈದುನ ಬೆನ್ನು ತುರಿಸಿಕೊಂಡ. "ನನಗೂ ಕೇಳಿಸ್ತು. ನನ್ನ ಮಾಂತ್ರಿಕನಿಗೆ ಕೇಳಿಸ್ಲಿಲ್ಲ, ಅದು ಬೇರೆ. ಆದ್ರೂ ನೋಡು, ನನ್ನ ಗೆರೆ ಕಂಬದವರೆಗೆ ಹೋಗಿಲ್ಲ. ಬೆಂಕಿ ಈಚೆಗೇ ನಿಂತಿದೆ."

"ಕಳ್ಳ! ಗೊತ್ತಿದ್ದೇ ಕಂಬ ಬಿಟ್ಟು ಗೆರೆ ಹಾಕ್ದೆ," ಎಂದಳು ಅತ್ತಿಗೆ. "ಗೊತ್ತಿದ್ದೂ ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಿ. ನೀವೂ ಅಷ್ಟೇ," ಎಂದು ಗಂಡನಿಗೂ ಒಂದು ಬಿಟ್ಟಳು. "ಬಿದ್ದ ಮೇಲೆ ಬಾಯಿ ಬಂತು."

ಮಾವ ಮೇಜಿನ ಬಳಿ ಬಂದು ಬಗ್ಗಿ ನೋಡಿದರು. ಕಂಬ ಅವರೇ ಬರೆದದ್ದು. ಗೆರೆ ಅದರಿಂದ ಒಂದು ಗೇಣು ಈಚೆಗಿತ್ತು. ಬಹಳ ಹೊತ್ತು ನೋಡಿದರು. ಕೊನೆಗೆ ಮೊಳೆಗೆ ತೂಗುಹಾಕಿದ್ದ ಚರ್ಮದ ಗ್ಲೌಸ್ ತೊಟ್ಟು ಡ್ರಮ್ಮಿನೊಳಗೆ ಕೈ ಇಳಿಸಿದರು.

"ನಾನು ತೆಗೀತೀನಿ ಬಿಡು ಅಪ್ಪ," ದೊಡ್ಡವನು ಎದ್ದ.

"ಬೇಡ, ಕೂತ್ಕೊಳ್ಳಿ," ಎಂದಳು ಹೆಂಡತಿ. "ಹಾಕಿದೋರು ತೆಗೀಲಿ."

ಆ ವಾರವಿಡೀ ನೀಲಿ ಕಿಟಕಿಗಳ ಕೆಲಸ ನಡೆದಿತ್ತು. ಡ್ರಮ್ ತುಂಬ ನೀಲಿ ಚೂರೇ. ಮಾವ ಒಂದನ್ನು ಎತ್ತಿ ಹಿಡಿದರು. "ಇದಾ?"

"ಅಲ್ಲ."

"ಇದು?"

"ಅದರ ಅಂಚು ನೋಡಿ ಮಾವ. ಸಾಣೆ ಕಂಡಿದ್ಯಾ ಅದು?"

ಅವಳು ಕನ್ನಡಿಗಳ ಹಿಂದಿನಿಂದ ಸ್ಟೂಲ್ ಎಳೆದು ತಂದು ಮೇಜಿಗೆ ಒತ್ತಿ ಕೂತಳು. ಕೋಪ ಇಳಿದಿರಲಿಲ್ಲ, ಕಾಲು ಇನ್ನೂ ಅಲುಗುತ್ತಿತ್ತು. ಆರಿಸಿ ಆರಿಸಿ ಮಾವನ ಹಣೆಯಲ್ಲಿ ಬೆವರು ಮೂಡಿತು. ಅಯ್ಯೋ ಪಾಪ ಎಂದು ಅವಳ ಮನಸ್ಸಿನ ಒಂದು ಮೂಲೆಗೆ ಅನ್ನಿಸಿದ್ದು ನಿಜ. ಬಾಯಿಗೆ ಬರಗೊಡಲಿಲ್ಲ.

ಕಡೆಗೆ ಸಿಕ್ಕಿತು. ಒಂದು ಮೂಲೆ ಚಕ್ಕೆ ಹಾರಿತ್ತು. ಮಾವ ಅದನ್ನು ಅಂಗಿಯ ತುದಿಯಲ್ಲಿ ಒರೆಸಿ, ಅಭ್ಯಾಸಬಲದಿಂದ ಜೇಬಿಗೆ ಹಾಕಹೊರಟರು.

"ಜೇಬಿಗಲ್ಲ. ಕಂಬದ ಹಿಂದೆ ಇಡಿ."

"ಎಲ್ಲರಿಗೂ ಕಾಣುತ್ತಲ್ಲಮ್ಮ?"

"ಕಾಣ್ಲಿ. ನಮಗೆ ಕಂಡ್ರೆ ರಾಕ್ಷಸನಿಗೆ ಕಂಡ ಹಾಗಲ್ಲ. ನಾನು ಹೆಜ್ಜೆ ಇಟ್ಟಾಗ ಅವನಿಗೆ ಕೇಳಿಸ್ತೋ ಇಲ್ವೋ, ದಾಳ ಹಾಕಿ ನೋಡಿ. ಕೇಳಿಸಿದ್ರೆ ಹೊಡೀಲಿ, ತಗೋತೀನಿ. ಮರೆತು ಮಾತ್ರ ಕೊಲ್ಲಬೇಡಿ."

ಮಾವ ಚೂರನ್ನು ಕಂಬದ ಹಿಂದಿಟ್ಟರು. ಕುರ್ಚಿಯಲ್ಲಿ ಕೂತು ಗ್ಲೌಸ್ ಬಿಚ್ಚಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ದಾಳವನ್ನು ಅವಳ ಕಡೆ ತಳ್ಳಿ ಕೇಳಿದರು:

"ನಿನ್ನ ಸರದಿ. ಏನ್ಮಾಡ್ತೀಯ?"

"ಮೊದಲಿಂದ ಬನ್ನಿ," ಎಂದಳು ಅವಳು. "ಇವರು ಬಾಗಿಲು ಮುರಿದಾಗ ಒಂದು ಸರದಿ ಹೋಗಿದೆ ನಂದು. ಅದು ಬೇಕು."