ಕೆಂಪು ದಾರದ ಕೈಗವಸು

ಆ ವರ್ಷ ಮದ್ದಿಗೆಂದು ಒಣಗಿಸಿದ ಕರಡಿಯ ಪಿತ್ತಕೋಶ ತೂಕಕ್ಕೆ ತೂಕ ಚಿನ್ನದ ಬೆಲೆಗೆ ಹೋಗುತ್ತಿತ್ತು. ತೊಗಲಿಗೆ ನಾಲ್ಕು ಮೂಟೆ ಅಕ್ಕಿ. ಮಾಂಸ ಮಾರುತ್ತಿರಲಿಲ್ಲ, ಅದು ನಮ್ಮ ಒಂಬತ್ತು ಮನೆಗಳಿಗೆ ಸಮಪಾಲು. ಗುಂಡು ಹೊಡೆದವನಿಗೂ ಮನೆಯಲ್ಲಿ ಕೆಮ್ಮುತ್ತ ಮಲಗಿದವನಿಗೂ ಒಂದೇ ತೂಕ. ಒಂದು ಕರಡಿ ಸಿಕ್ಕಿತೆಂದರೆ ಒಂಬತ್ತು ಒಲೆಗಳು ಹಿಮ ಕರಗುವವರೆಗೆ ನಿಶ್ಚಿಂತೆಯಿಂದ ಉರಿಯುತ್ತಿದ್ದವು. ಅಂಥದ್ದೊಂದು ಕರಡಿಯನ್ನು ನಾನು ಒಂದು ಜೊತೆ ಕೈಗವಸಿಗಾಗಿ ಕಳೆದೆ.

ಚಳಿಗಾಲದ ಕೊನೆ. ನಮ್ಮ ಬೇಟೆ ತಂಡದ ಯಜಮಾನ ಗೆಂಜಿರೊನ ಮೊಣಕಾಲು ಊದಿಕೊಂಡಿತ್ತು. ಮೇಲಿನ ಕಣಿವೆಯ ಪೊಟರೆ ಮರದಲ್ಲಿ ಕರಡಿ ಮಲಗಿದೆಯೇ ನೋಡಿ, ಇದ್ದರೆ ಹೊಡೆದುಕೊಂಡು ಬನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದ. ನಾನು, ಮತ್ತು ಇವಾಮತ್ಸು. ಹೊರಡುವಾಗ, ಬೆಟ್ಟದ ದೇವಿಗೆ ತೋರಿಸಲೆಂದು ಕಾಗದದಲ್ಲಿ ಸುತ್ತಿದ ಒಣಮೀನನ್ನು ಇವಾಮತ್ಸುವಿನ ಕೈಗೆ ಕೊಟ್ಟ. ಅವನಿಗಿಂತ ನಾನು ಎರಡು ವರ್ಷ ದೊಡ್ಡವನು, ಅದು ನನ್ನ ಕೈಗೆ ಬರಬೇಕಿತ್ತು. ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಲ್ಲೇ.

ಆ ಮೀನಿನ ಮುಖ ನೋಡಿದರೆ ಮಕ್ಕಳು ಅಳುತ್ತವೆ. ನಮ್ಮ ಬೆಟ್ಟದ ದೇವಿಯೂ ಚೆಲುವೆಯಲ್ಲ. ತನಗಿಂತ ಕುರೂಪಿ ಇನ್ನೊಂದಿದೆ ಎಂದು ಕಂಡರೆ ಅವಳಿಗೆ ಸಮಾಧಾನ. ಆದರೆ ಬೆಟ್ಟದಲ್ಲಿ ಯಾರಾದರೂ ಹೆಂಗಸಿನ ಮಾತೆತ್ತಿದರೆ ಅವಳು ಸಹಿಸಳು, ಹಿಮ ಕೆಡವುತ್ತಾಳೆ. ಹಾಗಾಗಿ ಊರಿನ ಗಡಿಯ ದೇವದಾರು ಮರ ದಾಟಿದ ಮೇಲೆ ನಮಗೆ ಹೆಂಡತಿಯಿಲ್ಲ, ತಾಯಿಯಿಲ್ಲ.

ಮರ ಸಿಕ್ಕಿತು. ಪೊಟರೆಯ ಬಾಯಲ್ಲಿ ಉಸಿರು ಹೆಪ್ಪುಗಟ್ಟಿ ಹಳದಿ ಮಂಜು ಹಿಡಿದಿತ್ತು. ಒಳಗೆ ಕರಡಿ ಇತ್ತು. ಅಷ್ಟರಲ್ಲಿ ಕಣಿವೆ ತುಂಬ ಹಿಮದ ಬಿಳಿ ಗಾಳಿ ಎದ್ದು, ಚಾಚಿದ ಕೈ ನಮಗೇ ಕಾಣದಾಯಿತು. ನಾವು ಸದ್ದಿಲ್ಲದೆ ಇನ್ನೂರು ಹೆಜ್ಜೆ ಹಿಂದೆ ಸರಿದು, ರಾತ್ರಿ ಕಳೆಯಲು ಒಂದು ಹಿಮದಿಬ್ಬದ ಮಗ್ಗುಲಲ್ಲಿ ಗೂಡು ಕೊರೆಯತೊಡಗಿದೆವು.

"ನಿನ್ನ ಹಿಂಭಾಗದ ಅಳತೆಗೆ ಕೊರೀಬೇಡ ಮಾರಾಯ, ಬೆಳಗಾಗಿಬಿಡುತ್ತೆ" ಎಂದ ಇವಾಮತ್ಸು.

"ನಿನ್ನ ಬಾಯಿ ಅಳತೆಗೆ ಕೊರೀತಿದ್ದೀನಿ. ಅದೇ ದೊಡ್ಡದು."

ನಕ್ಕೆವು. ಹದಿನಾಲ್ಕು ಚಳಿಗಾಲ ಹೀಗೇ ನಕ್ಕಿದ್ದೆವು. ಒಳಗೆ ಮೊಣಕಾಲೆತ್ತರಕ್ಕೆ ಒಂದು ಜಗಲಿ ಬಿಟ್ಟು, ಅದರ ಮೇಲೆ ಸೊಪ್ಪು ಹಾಸಿ, ಬಾಗಿಲಿಗೆ ಮೂಟೆ ಅಡ್ಡ ಇಟ್ಟು, ನೆತ್ತಿಯಲ್ಲಿ ಕೋಲಿನಿಂದ ಉಸಿರುಗಂಡಿ ಮಾಡಿದೆವು. ಸರದಿಯಂತೆ ಕೋಲು ಆಡಿಸುತ್ತಿರಬೇಕು. ಗಂಡಿ ಮುಚ್ಚಿದರೆ ನಿದ್ದೆಯಲ್ಲೇ ಮುಗಿಯುತ್ತದೆ ಕಥೆ. ಒಣಗಿದ ಅಕ್ಕಿ ಉಂಡೆಯನ್ನು ಕಂಕುಳಲ್ಲಿ ಬಿಸಿ ಮಾಡಿ ತಿಂದೆವು. ಇವಾಮತ್ಸು ಮೇಣದ ಬತ್ತಿ ಹಚ್ಚಿ, ಒದ್ದೆಯಾದ ಕೈಗವಸುಗಳನ್ನು ಅದರ ಮೇಲೆ ತೂಗುಹಾಕಿದ.

ಆಗ ನೋಡಿದೆ. ಅವನ ಕೈಗವಸಿನ ಅಂಗೈಗೆ ಹೊಸ ತೇಪೆ ಬಿದ್ದಿತ್ತು. ಕೆಂಪು ದಾರ. ಎರಡು ಹೊಲಿಗೆ ಮುಂದೆ, ಒಂದು ಹಿಂದೆ, ಮೂಲೆಯಲ್ಲಿ ಪುಟ್ಟ ಗಂಟು. ನಮ್ಮ ಊರಲ್ಲಿ ಹಾಗೆ ಹೊಲಿಯುವವಳು ಒಬ್ಬಳೇ. ನನ್ನ ಹೆಂಡತಿ ತಾಮಿ.

ನನ್ನ ಕೈಗವಸನ್ನೂ ಅವಳೇ ಹೊಲಿದಿದ್ದಳು. ಕಪ್ಪು ದಾರದಲ್ಲಿ.

ಬತ್ತಿ ಆರಿಸಿ, ಎಂದಿನಂತೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದೆವು. ಅವನ ಬೆನ್ನು ಬೆಚ್ಚಗಿತ್ತು. ಆ ಬಿಸಿ ನನಗೆ ಮುಳ್ಳಾಯಿತು. ಅವಳು ಆ ಕೈಗವಸನ್ನು ಮಡಿಲಲ್ಲಿಟ್ಟುಕೊಂಡು ಹೊಲಿದಿರಬೇಕು, ದಾರವನ್ನು ಹಲ್ಲಿನಿಂದ ಕಡಿದಿರಬೇಕು. ಆಗ ನಾನೆಲ್ಲಿದ್ದೆ? ಕೆಂಪು ದಾರ ಮನೆಯಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ. ಶರತ್ಕಾಲದಲ್ಲಿ ಅವನು ಎರಡು ಸಲ ಅಣಬೆ ತಂದುಕೊಟ್ಟಿದ್ದ. ಎರಡು ಸಲವೇ, ಮೂರೇ? ಮೂರನೆಯ ಸಲ ನಾನು ಇದ್ದಿಲು ಸುಡಲು ಹೋಗಿದ್ದೆ. ಅವಳು ನನಗೆ ಬಡಿಸಿ, "ಒಳ್ಳೇ ಅಣಬೆ" ಎಂದಿದ್ದಳು. ಯಾರು ತಂದರೆಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಎರಡು ಬಟ್ಟಲು ತಿಂದಿದ್ದೆ. ಈಗ ಆ ಅಣಬೆ ಗಂಟಲಿಗೆ ಬಂದು ಕೂತಿತು.

ಇವಾಮತ್ಸು ಗೊರಕೆ ಹೊಡೆಯುತ್ತಿದ್ದ. ಅದನ್ನೂ ಸಹಿಸಲಾಗಲಿಲ್ಲ. ತಪ್ಪು ಮಾಡಿದವನಿಗೆ ಇಷ್ಟು ನಿದ್ದೆ ಹೇಗೆ ಬರುತ್ತದೆ? ಗಂಡಿಯಲ್ಲಿ ಕೋಲು ಆಡಿಸುವ ನೆಪದಲ್ಲಿ ಅವನ ಪಕ್ಕೆಗೆ ಮೊಣಕೈ ಹಾಕಿದೆ.

"ಏನಾಯ್ತು? ಗಂಡಿ ಮುಚ್ಚಿತಾ?"

"ನಿನ್ನ ಕೈಗವಸು ಯಾರು ಹೊಲಿದ್ರು?"

ಕತ್ತಲಲ್ಲಿ ಅವನ ಬೆನ್ನು ಬಿಗಿಯಾದದ್ದು ನನಗೆ ತಿಳಿಯಿತು.

"ಕುಮೆಕಿಚಿ, ಬೆಟ್ಟದಲ್ಲಿದ್ದೀವಿ. ಸುಮ್ಮನಿರು."

"ತಾಮಿ ಹೊಲಿದ್ಲಾ? ಹೇಳೋ! ನನ್ನ ಹೆಂಡತಿ ತಾಮಿ ಹೊಲಿದ್ಲಾ, ಇಲ್ವಾ?"

ಅವನು ಧಡಕ್ಕನೆ ಎದ್ದ. ತಲೆ ಗೂಡಿನ ನೆತ್ತಿಗೆ ಬಡಿದು ಹಿಮ ನಮ್ಮಿಬ್ಬರ ಮೇಲೂ ಉದುರಿತು. ಬತ್ತಿ ಹಚ್ಚಿದ. ಎದೆಯ ಒಳಗಿಂದ ಕಾಗದದ ಪೊಟ್ಟಣ ತೆಗೆದು, ಮೀನಿನ ತಲೆಯಷ್ಟೇ ಕಾಣುವಂತೆ ಬಿಚ್ಚಿ, ಬಾಗಿಲ ಕಡೆ ಹಿಡಿದು, ದೇವಿಯ ಕ್ಷಮೆ ಬೇಡಿ ಪಿಸುಗುಟ್ಟುತ್ತ ಕೂತ. ಒಮ್ಮೆ ಮೇಲೆಲ್ಲೋ ಹಿಮ ಗುಡುಗಿತು. ಇಬ್ಬರೂ ಉಸಿರು ಹಿಡಿದೆವು. ಅದು ಪಕ್ಕದ ಕಣಿವೆಗೆ ಇಳಿದುಹೋಯಿತು.

ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ನಾನು ಬಂದೂಕು ಎತ್ತಿಕೊಂಡೆ.

"ಕೆಳಗಿಡು, ಊರಿಗೆ ಹೋಗೋಣ" ಎಂದ.

"ಹುಚ್ಚಾ ನಿನಗೆ? ಇನ್ನೂರು ಹೆಜ್ಜೆಯಲ್ಲಿದೆ ಕರಡಿ. ನಾನು ಅಂದಿದ್ದು ಯಾರಿಗೆ ಗೊತ್ತಾಗುತ್ತೆ?"

"ಯಾರಿಗೆ ಗೊತ್ತಾಗಬೇಕೋ ಅವಳಿಗೆ ಗೊತ್ತಾಗಿದೆ."

ಹೊಳೆಯ ಬಳಿ ನನ್ನನ್ನು ಬೆತ್ತಲೆ ನಿಲ್ಲಿಸಿ, ಮರದ ಬೋಗುಣಿಯಿಂದ ಮೂವತ್ತಮೂರು ಸಲ ನೀರು ಸುರಿದ. ಬೆಟ್ಟದಲ್ಲಿ ಹೆಂಗಸಿನ ಮಾತೆತ್ತಿದವನಿಗೆ ಅದು ನಿಯಮ, ಆ ಸಲ ಬೇಟೆಯೂ ಇಲ್ಲ. ಹದಿನೈದನೆಯದಕ್ಕೆ ನನಗೆ ಕಾಲಿರುವುದು ಮರೆತುಹೋಯಿತು. ಇಪ್ಪತ್ತಾದ ಮೇಲೆ ಅವನು ಲೆಕ್ಕ ತಪ್ಪಿದಂತೆ ಮಾಡಿ ಎರಡು ಹೆಚ್ಚೇ ಸುರಿದನೆಂದು ನನ್ನ ಅನುಮಾನ.

ಗಡಿಯ ದೇವದಾರು ದಾಟಿದ ಮೇಲೆ ನಿಂತ.

"ಈಗ ಕೇಳು. ನನ್ನ ಅಮ್ಮನ ಕಣ್ಣು ಮಂದ, ಹೊಲಿಯೋಕಾಗಲ್ಲ. ಅವಳು ನಿಮ್ಮನೇಲಿ ಮೂಲಂಗೀನ ಒಣಗೋಕೆ ಒಲೆ ಹೊಗೆ ಮೇಲೆ ಕಟ್ಟಿಕೊಟ್ಲು, ಬದಲಿಗೆ ತಾಮಿ ಕೈಗವಸು ಹೊಲಿದುಕೊಟ್ಲು. ಕೆಂಪು ದಾರ ಅಮ್ಮಂದು. ಅಷ್ಟೇ."

ನನಗೆ ನಾಚಿಕೆಯಾಯಿತು. "ಸರಿ ಬಿಡೋ, ನನ್ನ ತಲೆ ಕೆಟ್ಟಿತ್ತು" ಎಂದೆ.

"ಇನ್ನೂ ಮುಗಿದಿಲ್ಲ. ನಿನಗಿಂತ ಮುಂಚೆ ನಾನು ತಾಮೀನ ಮದುವೆ ಆಗ್ತೀಯಾ ಅಂತ ಕೇಳಿದ್ದೆ. ಬೇಡ ಅಂದ್ಲು. ಅವಳು ಅದನ್ನ ಯಾವತ್ತೋ ಮರೆತಿದ್ದಾಳೆ. ನಾನು ಮರೆತಿಲ್ಲ. ಐದು ವರ್ಷ ಹೊಟ್ಟೇಲಿಟ್ಕೊಂಡು ನಿನ್ನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದೀನಿ. ನೀನು ಕೇಳದಿದ್ರೆ ಸಾಯೋವರೆಗೂ ಮಲಗ್ತಿದ್ದೆ. ಈಗ ನಿನಗೂ ಗೊತ್ತಾಯ್ತು. ಇನ್ನು ಆಗಲ್ಲ ಅಣ್ಣ."

ಮನೆಯಲ್ಲಿ ತಾಮಿ ನನ್ನ ನೀಲಿ ತುಟಿ ನೋಡಿ ಒಲೆಗೆ ಸೌದೆ ತುರುಕಿದಳು. ಎಲ್ಲ ಹೇಳಿದೆ. ಕೈಗವಸಿನ ಬಗ್ಗೆ ಅವಳು ಹೇಳಿದ್ದೂ ಅವನು ಹೇಳಿದ್ದೂ ಒಂದೇ ಆಗಿತ್ತು.

"ಕೇಳೋದಿದ್ರೆ ನನ್ನ ಕೇಳಬೇಕಿತ್ತು" ಎಂದಳು. "ಮನೇಲಿ ಬಾಯಿ ಬಿಡೋಕೆ ಯಾವ ದೇವಿ ಅಡ್ಡ ಬಂದಿದ್ಲು? ಬೇರೆ ದಿನ ತುಟಿ ಬಿಚ್ಚಲ್ಲ, ಹೋಗಿ ಹೋಗಿ ಬೆಟ್ಟದಲ್ಲಿ ಬಿಚ್ಚಿದೆ."

ನಾಲ್ಕು ದಿನ ಬಿಟ್ಟು ತಂಡವೆಲ್ಲ ಹೋದೆವು. ಪೊಟರೆ ತಣ್ಣಗಿತ್ತು; ನಮ್ಮ ವಾಸನೆಗೆ ಕರಡಿ ಎದ್ದು ಹೋಗಿತ್ತು. ಹಿಮ ಕರಗಿದ ಮೇಲೆ ಇವಾಮತ್ಸು ತಾಯಿಯನ್ನು ಕರೆದುಕೊಂಡು ಬೆಟ್ಟಸಾಲಿನಾಚೆಯ ಹಳ್ಳಿಗೆ ಹೋದ, ಅಲ್ಲಿನ ತಂಡ ಸೇರಿದ. ಒಂಬತ್ತು ಮನೆ ಎಂಟಾಯಿತು. ತಾಮಿ ನನ್ನವಳೆಂದು ಖಚಿತವಾಯಿತು, ಆದರೆ ಅದು ಮೊದಲೂ ಹಾಗೆಯೇ ಇತ್ತು. ಕಳೆದದ್ದು ಒಂದು ಕರಡಿ, ಮತ್ತು ಒಬ್ಬ ಗೆಳೆಯ.