ನೀರೋ, ಗಾಳಿಯೋ, ದೊಡ್ಡವ್ವನ ಹಲ್ಲೋ

ನಮ್ಮ ಇಂಡಿ ಊರಿನಲ್ಲಿ ಯಾರನ್ನೂ ಕಂಪ್ಯೂಟರಿನ ಬಗ್ಗೆ ಸಲಹೆ ಕೇಳಬಾರದು. ಕೇಳದಿದ್ದರೂ ಕೊಡುತ್ತಾರೆ, ಅದು ಬೇರೆ ಮಾತು. ನನ್ನ ಕಂಪ್ಯೂಟರ್ ಬಿಸಿಯಾಗುತ್ತದೆ ಎಂಬ ಸುದ್ದಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಮುಟ್ಟಿದ ದಿನದಿಂದ ನಮ್ಮ ಓಣಿಯವರೆಲ್ಲ ಒಂದೊಂದು ಔಷಧ ಹೇಳಿ ಹೋಗಿದ್ದಾರೆ. ಒಬ್ಬ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸು ಎಂದ. ಅವನು ಎರಡು ಎಕರೆ ಲಿಂಬೆ ತೋಟದ ಒಡೆಯ, ಡಿಗ್ರಿ ಓದಿದವನು. ಅವನಿಗೆ ನಾನು ಏನು ಹೇಳಲಿ.

ನನ್ನದು ಹಾಡು ರೆಕಾರ್ಡ್ ಮಾಡುವ ಒಂದೇ ಖೋಲಿಯ ಸ್ಟುಡಿಯೋ. ಡೊಳ್ಳಿನ ಪದದ ಮೇಳಗಳು ಬಂದು ಹಾಡುತ್ತವೆ, ನಾನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಏರಿಸುತ್ತೇನೆ. ರಸ್ತೆಯ ಗದ್ದಲ ಒಳಗೆ ಬರಬಾರದೆಂದು ನಾಲ್ಕೂ ಗೋಡೆಗೆ ಕೌದಿ ಬಡಿದಿದ್ದೇನೆ. ಕಂಪ್ಯೂಟರ್, ಮೈಕು, ಹಾಡುವವರು, ನಾನು, ಎಲ್ಲರೂ ಆ ಕೌದಿಗಳ ನಡುವೆಯೇ. ಮೇ ತಿಂಗಳ ನಲವತ್ತೆರಡು ಡಿಗ್ರಿಯಲ್ಲಿ ಕಂಪ್ಯೂಟರಿನೊಳಗಿನ ಫ್ಯಾನು ಗುರ್ ಎಂದು ತಿರುಗತೊಡಗಿದರೆ ಮೈಕು ಮೊದಲು ಅದನ್ನೇ ಹಿಡಿಯುತ್ತದೆ. ಫ್ಯಾನಿನ ವೈರು ಕಿತ್ತರೆ ಕಂಪ್ಯೂಟರ್ ಐದು ನಿಮಿಷಕ್ಕೆ ಕಾದು ಬಂದ್ ಆಗುತ್ತದೆ. ಡೊಳ್ಳಿನವರಿಗೆ ಇದರಿಂದ ತೊಂದರೆ ಇರಲಿಲ್ಲ. ಡೊಳ್ಳಿನ ಮುಂದೆ ಫ್ಯಾನು ಯಾವ ಲೆಕ್ಕ.

ತೊಂದರೆ ಶುರುವಾದದ್ದು ದೊಡ್ಡವ್ವನಿಂದ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ, ಸಾಲೋಟಗಿಯ ಹುಚ್ಚವ್ವ. ಅಕ್ಕತಂಗಿಯರಿಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಹೋದವರು, ವರ್ಷಾನುಗಟ್ಟಲೆ ಎದುರುಬದರು ಕೂತು ಬೀಸುವ ಕಲ್ಲಿನ ಒಂದೇ ಗೂಟ ಹಿಡಿದು ಜೋಳ ಬೀಸಿದವರು. ಬೀಸುತ್ತ ಹಾಡಿದ ಪದಗಳು ಎಷ್ಟೋ. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ಊರವರ ದನಿಯನ್ನೆಲ್ಲ ಹಿಡಿದಿಡುವ ನನ್ನ ಬಳಿ ಅವ್ವನ ದನಿಯ ಒಂದು ತುಣುಕೂ ಇಲ್ಲ. ಅದು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಆ ಪದಗಳು ಈಗ ಉಳಿದಿರುವುದು ದೊಡ್ಡವ್ವನ ಬಾಯಲ್ಲಿ ಮಾತ್ರ. ಆ ಬಾಯಲ್ಲಿ ಉಳಿದಿರುವುದು ಆರು ಹಲ್ಲು, ಆರೂ ಅಲ್ಲಾಡುತ್ತವೆ. ಸೋಮವಾರ ಆರನ್ನೂ ಕೀಳುತ್ತೇನೆಂದು ಡಾಕ್ಟರು ಹೇಳಿದ್ದರು. ಬೊಚ್ಚುಬಾಯಿಯಾದ ಮೇಲೆ ಪದದ ಅಕ್ಷರ ನಿಲ್ಲುವುದಿಲ್ಲ. ಹಲ್ಲಿನ ಸೆಟ್ಟು ಹಾಕಿಕೊಳ್ಳುವವಳೂ ಅಲ್ಲ ಅವಳು; ಕೊಡಿಸಿದ ಚಷ್ಮಾವನ್ನೇ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾಳೆ.

ಬುಧವಾರ ನಮ್ಮ ಮನೆಗೆ ಬಂದಳು. ಮೈಕಿನ ಪರೀಕ್ಷೆಗೆಂದು ಅಂದೇ ಹಾಡಿಸಿದೆ. ಒಂದಾದ ಮೇಲೊಂದು ಹನ್ನೊಂದು ಪದ ಹಾಡಿದಳು, ನೀರು ಕುಡಿಯಲೂ ನಿಲ್ಲಲಿಲ್ಲ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಹನ್ನೊಂದರ ಹಿಂದೆಯೂ ಗುರ್. ಸಿಟ್ಟಿನ ಭರಕ್ಕೆ ಎಲ್ಲವನ್ನೂ ಅಳಿಸಿಬಿಟ್ಟೆ. ಮೊದಲು ಫ್ಯಾನಿನ ವ್ಯವಸ್ಥೆ ಮಾಡೋಣ, ಭಾನುವಾರ ಚೊಕ್ಕಟವಾಗಿ ರೆಕಾರ್ಡ್ ಮಾಡೋಣ ಎಂದುಕೊಂಡೆ.

ಕಂಪ್ಯೂಟರ್ ರಿಪೇರಿ ಅಂಗಡಿಯ ಶಮಶುದ್ದೀನ ಬಂದು ಪೆಟ್ಟಿಗೆ ಬಿಚ್ಚಿ ನೋಡಿದ.

"ಗಾಳೀ ಕೂಲರ್ ಹಾಕೂಣು ಮಾಳಿಂಗಣ್ಣಾ. ಈಗಿಂದಕ್ಕಿಂತ ದೊಡ್ಡ ಫ್ಯಾನು, ತಾಮ್ರದ ಪೈಪು. ಸಾವಕಾಶ ತಿರಗತೈತಿ, ಸಪ್ಪಳ ಕಮ್ಮಿ ಆಗತೈತಿ."

"ಕಮ್ಮಿ ಅಂದ್ರ ಎಷ್ಟ್ರಿ?"

"ಕಮ್ಮಿ ಅಂದ್ರ ಕಮ್ಮಿ."

"ನನಗ ಪೂರಾ ಬಂದ್ ಆಗಬೇಕು."

"ಹಂಗಾದ್ರ ನೀರಿಂದು ಹಾಕಸ್ರಿ. ಆದ್ರ ನಾ ಹೇಳೂದು ಹೇಳ್ತೇನಿ. ನೀರಿಗೂ ಕರೆಂಟಿಗೂ ಬೀಗತನ ಬ್ಯಾಡ."

ಸಿಂದಗಿಯಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಸಿದ್ದರಾಯನಿಗೆ ಫೋನ್ ಮಾಡಿದೆ. ಅವನ ಕಂಪ್ಯೂಟರಿಗೆ ನೀರಿನ ಕೂಲರೇ ಇದೆ. ಅದರ ಬಣ್ಣದ ಲೈಟುಗಳ ಬಗ್ಗೆ ಅರ್ಧ ತಾಸು ಕೊರೆದ. ಸದ್ದು ಬರುತ್ತದೋ ಇಲ್ಲವೋ ಎಂದು ಮೂರು ಸಲ ಕೇಳಿದ ಮೇಲೆ, "ಸಪ್ಪಳ ಎಲ್ಲೀದಪಾ. ಸತ್ತೈತೋ ಬದಕೈತೋ ಅಂತ ಮುಟ್ಟಿ ನೋಡಬೇಕು" ಎಂದ. ಇಷ್ಟನ್ನು ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು.

ಮನೆಯಲ್ಲಿ ವಿಷಯ ತೆಗೆದರೆ ಹೆಂಡತಿ ರೇಣುಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಮನ್ಯಾಗಿನ ಕೂಲರಿಗೆ ನೀರ ಹಾಕೂದು ನಿಮಗ ನೆನಪಿರಂಗಿಲ್ಲ. ಬೋರಿನ ಸವಳ ನೀರಿಗೆ ಅದರ ಜಾಳಿ ಸುಣ್ಣ ಬಡದಂಗ ಆಗೇತಿ. ಇನ್ನ ಕಂಪ್ಯೂಟರಿಗೂ ನಾನಽ ನೀರ ಹೊರಬೇಕೇನು?"

ಇದರ ನೀರನ್ನು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ, ಅದು ನಳಿಕೆಯೊಳಗೇ ಸುತ್ತುತ್ತದೆ, ಯಾರೂ ಹೊರಬೇಕಿಲ್ಲ ಎಂದು ವಿವರಿಸಿದೆ. ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ಎಲ್ಲ ಕೇಳಿಸಿಕೊಂಡು, "ಬರೇ ನೀರ ಮ್ಯಾಲ ದುಡೀತೈತಿ ಅಂದ್ರ ಎತ್ತಿಗಿಂತ ಛಲೋ ಆತು" ಎಂದಳು.

ಗಾಳಿಯದು ಹಾಕಿಸಿದ ಮೇಲೂ ಸದ್ದು ಉಳಿದರೆ? ನೀರಿನದು ಸೋರಿ ಇದ್ದದ್ದೂ ಸುಟ್ಟುಹೋದರೆ? ತಲೆ ಕೆಟ್ಟು ಕೆರ ಹಿಡಿಯಿತು. ಕೊನೆಗೆ ಶುಕ್ರವಾರ, ಏನಾದರಾಗಲಿ ನೀರಿನದೇ ಎಂದೆ. ಶಮಶುದ್ದೀನ ಸೊಲ್ಲಾಪುರಕ್ಕೆ ಹೋಗಿ ತಂದು ಶನಿವಾರ ಮಧ್ಯಾಹ್ನ ಕೂಡಿಸಿದ. ಕೂಡಿಸುವಷ್ಟು ಹೊತ್ತೂ ತುಟಿ ಬಿಚ್ಚಲಿಲ್ಲ. ಅವನು ಮಾತಾಡಿದರೆ ಒಂದು ಕಿರಿಕಿರಿ, ಆಡದಿದ್ದರೆ ಎರಡು. ಗುಂಡಿ ಒತ್ತಿದೆ. ಹೊಸ ಕೂಲರಿಗೂ ಎರಡು ಸಣ್ಣ ಫ್ಯಾನು ಇದ್ದವು, ಆದರೆ ತಿರುಗುತ್ತಿವೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಕೌದಿಗಳ ನಡುವೆ ನನ್ನ ಉಸಿರು ನನಗೇ ಕೇಳಿಸಿತು. ಗೆದ್ದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡವ್ವನನ್ನು ಮೈಕಿನ ಮುಂದೆ ಕೂರಿಸಿ ಕೈಸನ್ನೆ ಮಾಡಿದೆ. ಬಾಯಿ ತೆರೆದಳು, ಮುಚ್ಚಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲ ನುಡಿ ಬಂತು, ಎರಡನೆಯದು ಬರಲಿಲ್ಲ. ಬೇರೆ ಪದ ಎತ್ತಿದಳು, ಅದು ಅರ್ಧಕ್ಕೇ ನಿಂತಿತು. ಲಿಂಬೆ ಶರಬತ್ತು ಕೊಟ್ಟೆ. ಬೆಲ್ಲ ಕೊಟ್ಟೆ. ಡಾಕ್ಟರು ಬೇಡವೆಂದಿದ್ದ ಎಲೆ ಅಡಿಕೆಯನ್ನೂ ಕೊಟ್ಟೆ. ಹನ್ನೊಂದು ಗಂಟೆಯಾಯಿತು, ಪೂರ್ತಿ ಒಂದು ಪದವೂ ಆಗಲಿಲ್ಲ.

"ಬುಧವಾರ ಹನ್ನೊಂದು ಪದ ಹಾಡಿದ್ಯಲ್ಲ ದೊಡ್ಡವ್ವ, ಇವತ್ತ ಏನಾಗೇತಿ ನಿನಗ?" ನನ್ನ ದನಿ ಏರಿತ್ತು.

"ಬರವಲ್ಲದೋ ತಮ್ಮಾ."

"ಯಾಕ ಬರವಲ್ಲದು? ನಾಳಿ ಹಲ್ಲ ಕೀಳತಾರ, ಗೊತ್ತೈತಿಲ್ಲೋ?"

"ಹಲ್ಲ ನನ್ನವು, ನನಗ ಗೊತ್ತಿರಂಗಿಲ್ಲೇನು?" ಅವಳಿಗೂ ಸಿಟ್ಟು ಬಂತು. "ಸತ್ತವರ ಮನಿಯಂಗ ಸುಮ್ಮ ಮಾಡಿಟ್ಟು ಹಾಡು ಅಂದ್ರ ಹೆಂಗ ಹಾಡ್ಲಿ? ಅವತ್ತ ಆ ಡಬ್ಬಿ ಬೀಸಾಕತ್ತಿತ್ತು. ಇವತ್ತ ಯಾರೂ ಬೀಸವಲ್ರು."

ಆಗ ನನಗೆ ಹೊಳೆಯಿತು. ಈ ಪದಗಳನ್ನು ಅವಳು ಜೀವಮಾನದಲ್ಲಿ ಕಲ್ಲಿನ ಸದ್ದಿಲ್ಲದೆ ಹಾಡಿದವಳೇ ಅಲ್ಲ. ಕಲ್ಲು ಗುರುಗುಟ್ಟಿದರೆ ಪದ ತಾನಾಗಿ ಬರುತ್ತಿತ್ತು. ಕಲ್ಲಿಲ್ಲದ ಕಡೆ ಬುಧವಾರ ಅವಳಿಗೆ ನನ್ನ ಹಾಳು ಫ್ಯಾನು ಸಿಕ್ಕಿತ್ತು. ಆ ಹನ್ನೊಂದು ಪದಗಳನ್ನು ನಾನೇ ಕೈಯಾರೆ ಅಳಿಸಿದ್ದೆ. ತಲೆಯನ್ನು ಗೋಡೆಗೆ ಬಡಿದುಕೊಳ್ಳೋಣವೆಂದರೆ ಗೋಡೆಗೂ ಕೌದಿ.

ಬೀಸುವ ಕಲ್ಲು ತರೋಣವೆಂದರೆ ಅದರ ಒಂದು ಹೋಳು ಸಾಲೋಟಗಿಯ ಮನೆಯ ಬಚ್ಚಲಿಗೆ ಮೆಟ್ಟಿಲಾಗಿದೆ, ಇನ್ನೊಂದು ಎಲ್ಲಿದೆಯೋ. ಶಮಶುದ್ದೀನನಿಗೆ ಫೋನ್ ಮಾಡಿ ಹಳೆಯ ಫ್ಯಾನನ್ನೇ ತಂದು ಕೂಡಿಸಲು ಹೇಳಿದೆ.

"ನೀರ ಸೋರೇತೇನ್ರಿ?"

"ಸೋರಿಲ್ಲ."

"ಮತ್ತ?"

"ನನಗ ಸಪ್ಪಳ ಬೇಕಾಗೇತಿ."

"ಮಾಳಿಂಗಣ್ಣಾ, ಬಿಸಲ ಭಾಳ ಐತಿ. ಒಂದೆರಡು ದಿನ ಮನ್ಯಾಗ ಮಲಕೋರಿ" ಎಂದ.

ಆದರೂ ಊಟ ಮುಗಿಸಿ ಬಂದ. ನೀರಿನದನ್ನು ಬಿಚ್ಚಿ ಹಳೆಯ ಫ್ಯಾನು ಕೂಡಿಸುವಷ್ಟರಲ್ಲಿ "ನಾ ಗಾಳೀದಽ ಅಂದಿದ್ದೆ" ಎಂದು ನಾಲ್ಕು ಸಲ ಹೇಳಿದ. ನಾಲ್ಕು ಸಲವೂ ಹೌದ್ರಿ ಎಂದೆ.

ಫ್ಯಾನು ಗುರ್ ಎಂದಿತು. ದೊಡ್ಡವ್ವ ಒಂದು ಕಾಲು ಚಾಚಿ ಇನ್ನೊಂದನ್ನು ಮಡಿಚಿ ಕೂತಳು. ಬಲಗೈ ಗೂಟ ಹಿಡಿದಂತೆ ಮುಷ್ಟಿಯಾಯಿತು. ಯಾವ ಸನ್ನೆಗೂ ಕಾಯದೆ ಶುರು ಮಾಡಿದಳು. ಹೊತ್ತು ಮುಳುಗುವವರೆಗೆ ಮೂವತ್ತೆರಡು ಪದ ಹಾಡಿದಳು, ಒಂದು ಅಕ್ಷರವೂ ತಪ್ಪಲಿಲ್ಲ. ನಾನು ಒಂದೊಂದನ್ನೂ ಎರಡೆರಡು ಕಡೆ ಉಳಿಸಿಟ್ಟೆ.

ಸೋಮವಾರ ಹಲ್ಲು ಹೋದವು. ಆ ವಾರವೆಲ್ಲ ಕೂತು ಹಾಡುಗಳಿಂದ ಗುರ್ ಸದ್ದನ್ನು ತೆಗೆಯಲು ನೋಡಿದೆ. ತೆಗೆದಷ್ಟೂ ಅವಳ ದನಿ ಬಡವಾಯಿತು. ಬೇಸತ್ತು, ಇದ್ದದ್ದನ್ನು ಇದ್ದ ಹಾಗೇ ಬಿಟ್ಟೆ.

ಬಾವು ಇಳಿದ ಮೇಲೆ ದೊಡ್ಡವ್ವನನ್ನು ಕರೆತಂದು ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. ಮೂರು ಪದ ಮುಗಿದ ಮೇಲೆ ಬೊಚ್ಚುಬಾಯಲ್ಲಿ ಏನೋ ಅಂದಳು, ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದೆ.

"ಕಲ್ಲಿನ ಸಪ್ಪಳ ಛಲೋ ಬಂದೈತಿ" ಎಂದಳು ನಿಧಾನವಾಗಿ. "ಎದುರಿಗೆ ನಿಮ್ಮವ್ವ ಕುಂತು ಬೀಸಾಕತ್ತಂಗ ಐತಿ."

ಹೆಡ್‌ಫೋನನ್ನು ಅವಳ ಕಿವಿಯಿಂದ ತೆಗೆದು ನಾನು ಹಾಕಿಕೊಂಡೆ. ಹಾಡನ್ನು ಬಿಟ್ಟು, ಅದರ ಹಿಂದಿನ ಆ ಗುರ್ ಸದ್ದನ್ನೇ ಕೇಳುತ್ತ ಕೂತೆ.